ಹೊತ್ತು ಮೀರಿ ಸಿದ್ಧವಾದ ಚಾಕು

ಚಾಕು ಸಿದ್ಧವಾಗಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಫೋನು ಬಂದಾಗ ಟೀಚರಮ್ಮನ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಯಾವ ಚಾಕು ಎಂದು ಆಕೆ ಕೇಳಿದರು. ಕಾಡುಮೇಡು ಸುತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು, ಕೈಯಲ್ಲೇ ಮಾಡಿದ್ದು, ನಿಮ್ಮ ಯಜಮಾನರು ಕಳೆದ ವರ್ಷವೇ ಹೇಳಿಹೋಗಿದ್ದರು ಎಂದಿತು ಆ ಕಡೆಯ ದನಿ.

ಒಂದೇ ಒಂದು ಚಾಕು. ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. ನಿವೃತ್ತಿಯಾಗಲಿ, ಇಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಹತ್ತೋಣ ಎಂದು ಮೂವತ್ತು ವರ್ಷ ಆಸೆ ತೋರಿಸಿದ ಮನುಷ್ಯ. ಮಂಡಿನೋವು ಎಂದು ಆಕೆ ಒಮ್ಮೆ ಗೊಣಗಿದ್ದೇ ನೆಪವಾಯಿತೇನೋ, ಒಬ್ಬರೇ ಹೊರಡುವ ತಯಾರಿ ನಡೆಸಿದ್ದರು, ಅದೂ ಕದ್ದುಮುಚ್ಚಿ.

ಹೋದವರ ಮೇಲೆ ಸಿಟ್ಟು ಮಾಡಬಾರದು ಎನ್ನುವವರು ಎಂದೂ ಒಬ್ಬರಿಗೇ ಅಡುಗೆ ಮಾಡಿಕೊಂಡು ಒಬ್ಬರೇ ಉಂಡವರಲ್ಲ. ಒಬ್ಬರೇ ಇರುವ ಮನೆಯಲ್ಲಿ ಸಿಟ್ಟೂ ಒಂದು ಜೊತೆಯೇ. ಟೀಚರಮ್ಮ ಮೂರು ದಿನ ಯಜಮಾನರ ಫೋಟೋದೊಂದಿಗೆ ಮನಸಾರೆ ಜಗಳವಾಡಿದರು, ಹೊಟ್ಟೆ ತುಂಬ ಉಂಡರು, ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದರು.

ನಾಲ್ಕನೆಯ ದಿನ, ಚಾಕು ಬೇಡವೆಂದು ಮುಖಕ್ಕೆ ಹೊಡೆದಂತೆ ಹೇಳಿಬರಲು ಹೊರಟರು. ತಗಡಿನ ಶೆಡ್ಡು, ಒಳಗೆ ಸಾಣೆಯ ಧೂಳು, ಎಣ್ಣೆಯ ವಾಸನೆ. ಚಾಕು ಮಾಡುವವನು ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

"ಅವರು ತೀರಿಕೊಂಡ್ರು. ಇದು ನಂಗೆ ಬೇಡ, ಬೇರೆ ಯಾರಿಗಾದ್ರೂ ಮಾರಿಬಿಡಿ."

ಆತ ಚರ್ಮದ ಒರೆಯಿಂದ ಚಾಕು ಹಿರಿದು, ಹಿಡಿಯನ್ನು ಅವರ ಕಡೆ ಚಾಚಿದ.

"ಬೇರೆಯವರಿಗೆ ಆಗಲ್ಲಮ್ಮ. ಎಡಗೈಗೆ ಅಂತ ಮಾಡಿರೋದು. ಹೆಬ್ಬೆರಳು ಕೂರೋ ಗುಳಿ ಈ ಕಡೆಗಿದೆ ನೋಡಿ."

"ಅವರು ಎಡಚರಲ್ಲ."

"ಗೊತ್ತು. ತಮ್ಮದು ಹಳೇದೊಂದಿದೆ, ಇದು ಮನೆಯವಳಿಗೆ, ಹೊರಡೋ ದಿನ ಕೊಡ್ತೀನಿ ಅಂದಿದ್ರು. ನೀವು ಮಲಗಿದ್ದಾಗ ಕಾಗದದ ಮೇಲೆ ನಿಮ್ಮ ಕೈ ಇಟ್ಟು ಗೆರೆ ಎಳ್ಕೊಂಡು ಬಂದಿದ್ರು. ಕಿರುಬೆರಳಿನ ಹತ್ರ ಗೆರೆ ಅಂಕುಡೊಂಕು. ಅಷ್ಟರಲ್ಲಿ ಮಗ್ಗುಲಾಗಿಬಿಟ್ಲು ಅಂತ ನಕ್ಕಿದ್ರು."

ಟೀಚರಮ್ಮನ ಎಡಗೈ ಆಗಲೇ ಮುಂದೆ ಹೋಗಿತ್ತು. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದ ಕೈ. ಹಿಡಿ ಅದರೊಳಗೆ ಹೇಳಿ ಮಾಡಿಸಿದಂತೆ ಕೂತಿತು. ಮೂರು ದಿನ ಊಟ, ನಿದ್ದೆ ಕೊಟ್ಟಿದ್ದ ಸಿಟ್ಟು ಹೇಳಹೆಸರಿಲ್ಲದಂತೆ ಹೋಯಿತು. ಮನೆಗೆ ಹೋಗಿ ಇನ್ನು ಏನೆಂದು ಜಗಳ ತೆಗೆಯುವುದು? ಅವರಿಗೆ ಈಗ ನಿಜಕ್ಕೂ ಯಾರೂ ಇಲ್ಲದಂತಾಯಿತು.

ಆತ ಒಂದು ಒಣಕೋಲು ಕೊಟ್ಟ. "ಒಂದ್ಸಲ ಹೆರೆದು ನೋಡಿ. ಕಾಡಲ್ಲಿ ಬೆಂಕಿ ಹಚ್ಚೋದು ಹೀಗೆ ಹೆರೆದ ಎಳೆಗಳಿಂದಲೇ. ಎಳೆ ತೆಳ್ಳಗೆ ಬರಬೇಕು ಅಷ್ಟೆ."

ಮೊದಲೆರಡು ಎಳೆ ಮುರಿದವು. ಮೂರನೆಯದು ಪೆನ್ಸಿಲ್ ಹೆರೆದಂತೆ, ತುಂಡಾಗದೆ ಸುರುಳಿ ಸುತ್ತಿಕೊಂಡು ಬಂತು.

"ರೀ, ನೋಡಿ ಇಲ್ಲಿ," ಎಂದು ಟೀಚರಮ್ಮ ಬಲಕ್ಕೆ ತಿರುಗಿದರು.

ಚಾಕು ಮಾಡುವವನು ಎಡಕ್ಕೆ ನಿಂತಿದ್ದ. ಬಲಕ್ಕೆ ಯಾರೂ ಇರಲಿಲ್ಲ.