ಹಗೇವಿನಿಂದ ಎದ್ದ ಹೆಣ್ಣು

"ಟೀಚರಮ್ಮಾ, ನಮ್ಮ ದುರುಗೀನ ಹಗೇವಿಗೆ ಇಳಿಸಿ ಬಂದೀನ್ರಿ. ಇನ್ನ ನೀವು ಅವಳ ಚಿಂತಿ ಬಿಡ್ರಿ."

ಮಗಳಿಗೆ ಗಂಡು ಗೊತ್ತಾಯಿತು ಎನ್ನುವಷ್ಟು ಖುಷಿಯಿಂದ ಅಂಜಿನಮ್ಮ ಈ ಮಾತು ಹೇಳಿದಳು. ಕೂಲಿಗೆ ಹೋಗುವಾಗ ಉಡದ ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಸೆರಗಿನಲ್ಲಿ ಒಂದು ಹೋಳು ಕಾಯಿ, ಒಂದಚ್ಚು ಬೆಲ್ಲ ಕಟ್ಟಿಕೊಂಡು ಬಂದು, ಏಳನೇ ಕ್ಲಾಸಿನ ಬಾಗಿಲಲ್ಲಿ ನಿಂತು, ಅದನ್ನು ಮೇಜಿನ ಮೇಲೆ ಇಡಬಹುದೋ ಬಾರದೋ ಎಂದು ಅನುಮಾನಿಸುತ್ತಿದ್ದಳು.

ಉಚ್ಚಂಗೆಮ್ಮ ಟೀಚರ್ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಎಲ್ಲಿಗೆ ಇಳಿಸಿದೆ ಅಂದೆ?"

"ಹಗೇವಿಗ್ರೀ. ಗೌಡ್ರ ಕಣದಾಗೆ ಹಳೇದೊಂದು ಖಾಲಿ ಬಿದ್ದೈತಲ್ಲ, ಅದಕ್ಕೆ. ಬಿಸಿ ರೊಟ್ಟಿ ಉಣಿಸಿ, ತಲಿ ಬಾಚಿ ಹೂವ ಮುಡಿಸಿ, ದೇವರಿಗೆ ಕಾಯಿ ಒಡೆದು ಇಳಿಸೀನಿ. ನಾನೇನು ಹುಚ್ಚಿ ಅಲ್ರಿ. ನಿನ್ನೆಯಿಂದ ಬಾಯಿ ತೆಗೆದು ಗಾಳಿ ಆಡಾಕೆ ಬಿಟ್ಟಿದ್ದೆ. ಕಂದೀಲು ಬಿಟ್ಟು ನೋಡ್ದೆ, ಆರಲಿಲ್ಲ. ಆಮ್ಯಾಲೆ ಬಂಡೆ ಎಳೆದು ಬಂದೆ. ಕತ್ಲ ಇರಬೇಕಲ್ರಿ ಮತ್ತೆ? ಕತ್ಲೇ ನನಗೆ ಕಲಿಸ್ತು ಅಂತ ನೀವೇ ಹೇಳಿದ್ರಿ."

ಜಗಳೂರು ಸೀಮೆಯವರಿಗೆ ಹಗೇವು ಅಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅದು ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಗಡಿಗೆಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಂಡೆ ಮುಚ್ಚಿ ಮಣ್ಣು ಬಡಿದರೆ ಒಳಗಿನ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಕೆಡುವುದು ಗಾಳಿ. ಅದಕ್ಕೇ ಹಗೇವು ತೆಗೆದ ದಿನ ಯಾರೂ ಕೂಡಲೇ ಇಳಿಯುವುದಿಲ್ಲ. ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಉಳಿದರೆ ಮನುಷ್ಯ ಉಳಿದಾನು.

ಉಚ್ಚಂಗೆಮ್ಮನ ತಂದೆ ಒಂದು ಸಲ ಆ ದೀಪ ಇಳಿಬಿಡುವುದನ್ನು ಮರೆತಿದ್ದ. ಆಗ ಅವಳಿಗೆ ಒಂಬತ್ತು ವರ್ಷ. ಸಣ್ಣ ಬಾಯಿಗೆ ಸಣ್ಣ ಮೈಯೇ ಸಲೀಸು ಅಂತ ಜೋಳ ತುಂಬಿ ಕೊಡಲು ಅವಳನ್ನೂ ಅವಳ ಅಣ್ಣ ಬೀರಲಿಂಗಪ್ಪನನ್ನೂ ಇಳಿಸಿದರು. ಅವಳು ಜೀವಂತ ಮೇಲೆ ಬಂದಳು. ಅಣ್ಣ ಬರಲಿಲ್ಲ.

ಅಂಥ ಹುಡುಗಿ ಮುಂದೆ ಊರಿಗೇ ಮೊದಲನೆಯವಳಾಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಟಿಸಿಎಚ್ ಮುಗಿಸಿ, ಟೀಚರಾಗಿ, ಕಳೆದ ವರ್ಷ, ಅಂದರೆ ಎಂಬತ್ತೊಂದರಲ್ಲಿ, ಚಿತ್ರದುರ್ಗಕ್ಕೆ ಹೋಗಿ ಉತ್ತಮ ಶಿಕ್ಷಕಿ ಅಂತ ಶಾಲು ಹೊದಿಸಿಕೊಂಡು ಬಂದರೆ ಜನ ಸುಮ್ಮನಿದ್ದಾರೆಯೇ? ಅವರಿಗೊಂದು ಕಾರಣ ಬೇಕು. ಕಾರಣ ಹುಡುಕಿಕೊಟ್ಟವರು ಹೆಡ್‌ಮಾಸ್ತರು ತಿಪ್ಪೇರುದ್ರಸ್ವಾಮಿಗಳು. "ಉಳಿಪೆಟ್ಟು ಬೀಳದೆ ಕಲ್ಲು ದೇವರಾಗುವುದಿಲ್ಲ. ಇಗೋ ನೋಡಿ, ಹಗೇವಿನಿಂದ ಎದ್ದ ಹೆಣ್ಣು!" ಅಂತ ಸಭೆಯಲ್ಲಿ ಕೈಯೆತ್ತಿ ಕೂಗುತ್ತಿದ್ದರು. ತಾವು ಮಾತ್ರ ಸೂಜಿಮದ್ದಿಗೂ ಹೆದರಿ ಆಸ್ಪತ್ರೆ ಹಿತ್ತಲಿನಿಂದ ಓಡಿದ್ದ ಆಸಾಮಿ.

ಮೊದಮೊದಲು ಉಚ್ಚಂಗೆಮ್ಮನಿಗೆ ಈ ಮಾತು ಕೇಳಿ ಮೈ ಮುದುರಿಕೊಳ್ಳುತ್ತಿತ್ತು. ಆಮೇಲೆ ರೂಢಿಯಾಯಿತು. ಸುಳ್ಳು ಯಾಕೆ, ರುಚಿಯೂ ಹತ್ತಿತು. ಹೊನ್ನಾಳಿಯ ಹೈಸ್ಕೂಲಿನವರು ಕರೆದರು, ಚನ್ನಗಿರಿಯ ಮಹಿಳಾ ಸಮಾಜದವರು ಕರೆದರು, ನ್ಯಾಮತಿಯವರು ಜೀಪೇ ಕಳಿಸಿದರು. ಹೋದಲ್ಲೆಲ್ಲ ಒಂದೇ ಭಾಷಣ. ಹೇಳುತ್ತಾ ಹೇಳುತ್ತಾ ಅದು ನುಣುಪಾಯಿತು. ಇಪ್ಪತ್ತು ದಿನದ ಹಿಂದೆ, ಜನವರಿ ಇಪ್ಪತ್ತಾರಕ್ಕೆ, ತನ್ನ ಶಾಲೆಯ ಬೇವಿನ ಮರದ ಕೆಳಗೆ ನಿಂತು ಹೀಗೆಂದಿದ್ದಳು: "ಆ ಕತ್ತಲೇ ನನ್ನ ಗುರು. ಅದರೊಳಗೆ ಇಳಿಯದೇ ಹೋಗಿದ್ದರೆ ನಾನಿವತ್ತು ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದೆ."

ಹೆಂಗಸರು ಚಪ್ಪಾಳೆ ತಟ್ಟಿದ್ದರು. ಯಾರದೋ ಹೊಲದಲ್ಲಿ ಕಳೆ ಕೀಳುವ ಅಂಜಿನಮ್ಮ ಎಲ್ಲರಿಗಿಂತ ಮುಂದೆ ಕೂತು ಬಾಯಿ ತೆರೆದು ಕೇಳಿದ್ದಳು. ಅವಳಿಗಿರುವುದು ಒಬ್ಬಳೇ ಮಗಳು. ಗಂಡ ಹೋದ ಮೇಲೆ ಆ ಮಗಳೇ ಅವಳ ಲೋಕ. ದುರುಗಿಗೆ ಎಲ್ಲ ಬರುತ್ತಿತ್ತು, ಲೆಕ್ಕ ಬರುತ್ತಿರಲಿಲ್ಲ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಒಂದು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಅವ್ವನ ಪಕ್ಕದ ಸಾಲಿನಲ್ಲಿ ಕುಡುಗೋಲು ಹಿಡಿಯುವುದೇ ಗತಿ. ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು.

ಉಚ್ಚಂಗೆಮ್ಮ ಅಂಜಿನಮ್ಮನನ್ನು ತಳ್ಳಿಕೊಂಡೇ ಬಾಗಿಲು ದಾಟಿದಳು. ಬೆಲ್ಲದಚ್ಚು ನೆಲಕ್ಕೆ ಬಿತ್ತು. ಮೂವತ್ತು ದಾಟಿದ ಟೀಚರು ಸೀರೆ ಎತ್ತಿ ಕಟ್ಟಿ ಬೀದಿಯಲ್ಲಿ ಓಡಿದ್ದನ್ನು ಊರು ಅವತ್ತೇ ಮೊದಲು ನೋಡಿದ್ದು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ಹಿಂದೆ ಅಂಜಿನಮ್ಮ ಏದುಸಿರು ಬಿಡುತ್ತಾ, "ಯಾಕ್ರೀ? ಯಾಕ್ರೀ ಟೀಚರಮ್ಮಾ? ನಾನೇನು ತಪ್ಪು ಮಾಡ್ದೆ?" ಅಂತ ಕೇಳುತ್ತಾ ಬರುತ್ತಿದ್ದಳು.

ಗೌಡರ ಕಣದಲ್ಲಿ ಹಮಾಲಿ ಲಾಲ್‌ಸಾಬ್ ಗಾಡಿಗೆ ಜೋಳದ ಚೀಲ ಹೇರುತ್ತಿದ್ದ. ಟೀಚರ ಮುಖ ನೋಡಿದವನೇ ಚೀಲ ಕೆಳಗೆ ಬಿಟ್ಟ. ಇಬ್ಬರೂ ಸೇರಿ ಬಂಡೆ ಸರಿಸಿದರು. ಒಳಗಿನಿಂದ ಹಳಸಿದ ಹುಳಿ ವಾಸನೆ ಬಿಸಿಬಿಸಿಯಾಗಿ ಮೇಲೆದ್ದಿತು.

"ದುರುಗೀ!"

ಉತ್ತರವಿಲ್ಲ.

"ದುರುಗೀ, ನಾನು ಕಣೇ, ಟೀಚರು!"

ಲಾಲ್‌ಸಾಬ್ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಬಿಟ್ಟ. ಅರ್ಧಕ್ಕೆ ಹೋಗುವುದರೊಳಗೆ ಬೆಳಕು ಕೆಂಪಾಯಿತು. ಇನ್ನೊಂದು ಮೊಳ ಇಳಿದದ್ದೇ, ಆರಿತು.

"ಬೆಳಿಗ್ಗೆ ಆರಿರಲಿಲ್ರೀ," ಎಂದಳು ಅಂಜಿನಮ್ಮ. ಅವಳ ದನಿ ಈಗ ಬೇರೆಯಾಗಿತ್ತು. "ದೇವರಾಣೆ, ಬೆಳಿಗ್ಗೆ ಆರಿರಲಿಲ್ಲ."

"ತಳದಾಗೆ ಹಳೇ ಜೋಳ ಕೊಳ್ತಿರ್ತೈತೆ," ಎಂದ ಲಾಲ್‌ಸಾಬ್. "ಮುಚ್ಚಿದ್ರೆ ಕೆಟ್ಟ ಗಾಳಿ ತಿರುಗಾ ತುಂಬ್ಕಂತೈತೆ." ಅವನು ತನ್ನ ಕಂಬಳಿಯನ್ನೇ ಹಗ್ಗಕ್ಕೆ ಕಟ್ಟಿ ಗುಂಡಿಯೊಳಗೆ ಇಳಿಸಿ ಎಳೆದು, ಇಳಿಸಿ ಎಳೆದು ಗಾಳಿ ಕದಡತೊಡಗಿದ. ಆಮೇಲೆ ತಾನೇ ಇಳಿಯಲು ಕಾಲು ಬಿಟ್ಟ. ಚೀಲ ಹೊತ್ತು ಹೊತ್ತು ಅಗಲವಾದ ಭುಜ ಬಾಯಿಯಲ್ಲೇ ಸಿಕ್ಕಿಕೊಂಡಿತು.

ಅಲ್ಲಿದ್ದವರಲ್ಲಿ ಸಣ್ಣ ಮೈಯವಳು ಉಚ್ಚಂಗೆಮ್ಮನೇ.

ಹಗೇವಿದ್ದ ಕಣ ಸಿಕ್ಕರೆ ಅವಳು ಇವತ್ತಿಗೂ ಸುತ್ತು ಹಾಕಿ ಹೋಗುತ್ತಿದ್ದಳು. ಚಳಿಗಾಲದಲ್ಲೂ ಮನೆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಬಸ್ಸಿನಲ್ಲಿ ಜನ ಒತ್ತಿದರೆ ನಡುದಾರಿಯಲ್ಲಿ ಇಳಿದು ನಡೆಯುತ್ತಿದ್ದಳು. ಇದ್ಯಾವುದನ್ನೂ ಅವಳು ಯಾವ ವೇದಿಕೆಯಲ್ಲೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಈಗ ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು. "ಕಟ್ರಿ ನನಗೆ," ಎಂದಳು. ಲಾಲ್‌ಸಾಬ್ ಅವಳ ಕಂಕುಳ ಕೆಳಗೆ ಹಗ್ಗ ಬಿಗಿದ. "ಉಸಿರು ಕಟ್ಕಳ್ರಿ ಅಮ್ಮಾ. ಹಗ್ಗ ಜಗ್ಗಿದ್ರೆ ಎಳ್ದುಬಿಡ್ತೀನಿ."

ಇಳಿದಳು. ಬೆಳಕು ತಲೆಯ ಮೇಲೆ ತಟ್ಟೆಯಷ್ಟಾಯಿತು. ಕಾಲಿಗೆ ಕೊಳೆತ ಹೊಟ್ಟು ಸಿಕ್ಕಿತು. ತಡಕಾಡಿದರೆ ಗೋಡೆಗೆ ಒರಗಿದ ಮೈ ಸಿಕ್ಕಿತು, ಮುಡಿದ ಹೂವು ಸಿಕ್ಕಿತು. ತನ್ನ ಹಗ್ಗ ಬಿಚ್ಚಿ ಹುಡುಗಿಗೆ ಕಟ್ಟಿದಳು. ಮಕ್ಕಳ ಚಡ್ಡಿಯ ಲಾಡಿ ಕಟ್ಟುವ ಕೈ, ಒಂದು ಗಂಟು ಹಾಕಲು ಹೆಣಗಿತು. ಜಗ್ಗಿದಳು. ದುರುಗಿಯ ಕಾಲು ಅವಳ ಮುಖಕ್ಕೆ ತಾಗಿ ಮೇಲಕ್ಕೆ ಹೋಯಿತು. ಬಾಯಿಯಲ್ಲಿ ಆ ಮೈ ಅಡ್ಡವಾದಾಗ ಇದ್ದಷ್ಟು ಬೆಳಕೂ ಹೋಯಿತು.

ಹೋಯಿತಲ್ಲ, ಈಗ ಅವಳು ಹಾಡಿ ಹೊಗಳಿದ್ದ ಗುರು ಎದುರಿಗೇ ಇದ್ದ. ಅವನು ಏನೂ ಹೇಳಲಿಲ್ಲ. ಹೇಳಲು ಅವನಲ್ಲಿ ಏನೂ ಇರಲಿಲ್ಲ. ಒಂದು ಜೀವ ಸಾಯುವುದಕ್ಕೆ ಸಾಕಾಗುವಷ್ಟು ಕತ್ತಲು, ಅಷ್ಟೇ. ಅವಳ ಕಾಲಿಗೆ ಮಾತ್ರ ಒಂದು ನೆನಪಾಯಿತು. ಅವತ್ತು ಅಂಗಾಲಿನ ಕೆಳಗೆ ಇದ್ದದ್ದು ಹೊಟ್ಟಲ್ಲ, ಜೋಳವಲ್ಲ, ಕೂದಲು. ಅಣ್ಣ ಕೂತು, ಅವಳನ್ನು ಹೆಗಲಿಗೆ ಹತ್ತಿಸಿಕೊಂಡು, ಎದ್ದು ನಿಂತಿದ್ದ. ಮೇಲಿನ ಕೈಗಳು ಎಟುಕಲಿಲ್ಲವೆಂದು ಅವಳು ಅವನ ತಲೆಯ ಮೇಲೆ ಕಾಲಿಟ್ಟಿದ್ದಳು. ಅವನ ಕುತ್ತಿಗೆ ಬಾಗುವುದು ಅವಳಿಗೆ ಗೊತ್ತಾಗಿತ್ತು. ಆದರೂ ಕಾಲಿಟ್ಟೇ ಮೇಲಕ್ಕೆ ಜಿಗಿದಿದ್ದಳು.

ಹಗ್ಗ ಮೈಮೇಲೆ ಬಿತ್ತು. ಅದನ್ನು ಹೇಗೆ ಸುತ್ತಿಕೊಂಡಳೋ ಅವಳಿಗೂ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಕಣದ ತುಂಬ ಜನ. ಪಕ್ಕದಲ್ಲಿ ದುರುಗಿಯನ್ನು ಮಲಗಿಸಿ ಲಾಲ್‌ಸಾಬ್ ಮುಖಕ್ಕೆ ನೀರು ಹೊಡೆದು, ಬೆನ್ನಿಗೆ ಗುದ್ದುತ್ತಿದ್ದ. ಹುಡುಗಿ ಕೆಮ್ಮಿತು, ಬೆಳಗಿನ ರೊಟ್ಟಿಯೆಲ್ಲ ಕಾರಿಕೊಂಡಿತು. ಕಣ್ಣು ತೆರೆದು ಸುತ್ತ ನೋಡಿತು. ಟೀಚರು ಕಾಣಿಸಿದ ಮೇಲೆ ನೋಟ ಅಲ್ಲೇ ನಿಂತಿತು.

"ಟೀಚರ್," ಎಂದಳು ದುರುಗಿ. "ಇನ್ನ ನನಗೆ ಲೆಕ್ಕ ಬರ್ತೈತೇನ್ರಿ?"

ಉಚ್ಚಂಗೆಮ್ಮನಿಗೆ ಗುಂಡಿಯೊಳಗೂ ಅಷ್ಟು ಹೆದರಿಕೆ ಆಗಿರಲಿಲ್ಲ. ಈ ಹುಡುಗಿಯನ್ನು ಯಾರೂ ಎಳೆದು ತಂದು ಇಳಿಸಿರಲಿಲ್ಲ. ನಂಬಿ ಇಳಿದಿದ್ದಳು.

ಅಷ್ಟರಲ್ಲಿ ಹೆಡ್‌ಮಾಸ್ತರು ಶಾಲೆಯ ಮಕ್ಕಳನ್ನೆಲ್ಲ ಹಿಂದೆ ಹಾಕಿಕೊಂಡು ಬಂದು ಮುಟ್ಟಿದರು. ವಿಷಯ ಕೇಳಿ ಒಂದು ಗಳಿಗೆ ಬೆಪ್ಪಾದರು. ಆದರೆ ಜನ ಸೇರಿದ ಕಡೆ ಅವರ ನಾಲಿಗೆ ಸುಮ್ಮನಿರುವುದುಂಟೇ? ಕೈ ತಾನಾಗಿಯೇ ಮೇಲೆದ್ದಿತು. "ನೋಡಿ ಮಕ್ಕಳೇ! ಎರಡನೇ ಸಲ! ಹಗೇವಿನಿಂದ ಎರಡನೇ ಸಲ ಎದ್ದು ಬಂದ..."

"ಬಾಯಿ ಮುಚ್ರಿ ಸಾರ್!"

ಇಡೀ ಕಣ ಬೆಚ್ಚಿತು. ಉಚ್ಚಂಗೆಮ್ಮ ಹೆಡ್‌ಮಾಸ್ತರಿಗೆ ಎದುರಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಕೈ ಇಳಿಸಲೂ ಮರೆತು ಮಾಸ್ತರು ಹಾಗೇ ನಿಂತರು.

"ಅಂಜಿನಮ್ಮ, ಇತ್ಲಾಗೆ ನೋಡು," ಎಂದಳು. "ಹಗೇವು ನನಗೆ ಏನೂ ಕಲಿಸಿಲ್ಲ. ನಮ್ಮಣ್ಣನ ತಲಿ ಮ್ಯಾಲೆ ಕಾಲಿಟ್ಟು ಮ್ಯಾಲೆ ಬಂದೀನಿ ನಾನು. ಅವನು ಸತ್ತ. ಒಂದು ವರ್ಷ ನಾನು ಮಾತಾಡ್ಲಿಲ್ಲ. ಸೂರಿನ ಕೆಳಗೆ ಹೋದ್ರೆ ಕಿರುಚ್ತಿದ್ದೆ. ನಮ್ಮವ್ವ ಹೆದರಿ ದೂರ ಆದ್ಲು. ಪಕ್ಕದ ಮನಿ ಪಿಂಜಾರರ ಇಮಾಮ್‌ಬೀ ತನ್ನ ಚಾಪಿ ತಂದು ಅಂಗಳದಾಗೆ ನನ್ನ ಮಗ್ಗುಲಿಗೆ ಹಾಕಿದ್ಲು. ಮಳಿ ಬಂದ್ರೂ ಎದ್ದು ಹೋಗಲಿಲ್ಲ. ಇಸ್ಕೂಲಿಗೂ ಬಂದು ಬಾಗಿಲ ಹೊರಗೆ ಕೂತು ಹತ್ತಿ ಅರಳಿ ಬಿಡಿಸ್ತಿದ್ಲು, ನಾನು ತಿರುಗಿ ನೋಡಿದ್ರೆ ಕಾಣಂಗೆ. ನಾನು ಓದಿದ್ದು ಹಂಗೆ. ಭಾಷಣದಾಗೆ ಅದು ಸಪ್ಪಗಾಗ್ತೈತೆ ಅಂತ ಬಿಟ್ಟಿದ್ದೆ."

ಅಂಜಿನಮ್ಮ ಬಂಡೆ ಎಳೆದ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಆಮೇಲೆ ಕೇಳಿದಳು, ಸಿಟ್ಟಿನಿಂದಲ್ಲ, ಅಳುತ್ತಲೂ ಅಲ್ಲ, ನಿಜವಾಗಿ ಗೊತ್ತಿಲ್ಲದವರು ಕೇಳುವ ಹಾಗೆ.

"ಹಂಗಾದ್ರೆ ನಾನೇನು ಕೊಡ್ಲಿ ಅದಕ್ಕೆ? ಕಷ್ಟ ಬಿಟ್ರೆ ನನ್ನತ್ರ ಬ್ಯಾರೆ ಏನೈತ್ರಿ, ಮಗಳಿಗೆ ಕೊಡಾಕೆ?"

ಅಂಜಿನಮ್ಮ ಮೊಣಕಾಲೂರಿ ಮಗಳ ಕಡೆ ಕೈ ಚಾಚಿದಳು. ಕೆದರಿದ್ದ ಆ ತಲೆಗೂದಲನ್ನು ಸರಿಮಾಡಲು ಹೋದಳು, ಅಷ್ಟೇ. ದುರುಗಿ ಚಿಟ್ಟನೆ ಚೀರಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಟೀಚರ ಬೆನ್ನ ಹಿಂದೆ ಸರಿದಳು.

ಅಂಜಿನಮ್ಮನ ಕೈ ಗಾಳಿಯಲ್ಲೇ ಉಳಿಯಿತು. ಅವಳ ಮುಖ ನೋಡಲಾಗದೆ ಹೆಂಗಸರು ತಲೆ ತಗ್ಗಿಸಿದರು. ಅವಳು ಎದ್ದು ನಿಂತಳು, ಹಿಂದಕ್ಕೆ ಹೆಜ್ಜೆಯಿಟ್ಟಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಓಡಿಯೇ ಹೋಗುತ್ತಿದ್ದಳು, ಎಲ್ಲಿಗೋ ದೇವರಿಗೇ ಗೊತ್ತು.

ಉಚ್ಚಂಗೆಮ್ಮ ಅವಳ ಸೆರಗು ಹಿಡಿದಳು.

"ಹೋಗಬ್ಯಾಡ. ಇಲ್ಲೇ ಕೂತ್ಕ. ಮುಟ್ಟಬ್ಯಾಡ, ಕರಿಬ್ಯಾಡ, ಅದಕ್ಕೆ ಕಾಣಂಗೆ ಕೂತ್ಕ, ಅಷ್ಟೇ. ಎಷ್ಟು ದಿನಾನೋ ನನಗೂ ಗೊತ್ತಿಲ್ಲ."

ಅಂಜಿನಮ್ಮ ಬಿಸಿಲಿನಲ್ಲಿ, ಬರೀ ನೆಲದ ಮೇಲೆ ಕೂತಳು. ದುರುಗಿ ಟೀಚರ ಬೆನ್ನ ಹಿಂದಿನಿಂದ, ಮುಖದ ಮೇಲಿನ ಬೆರಳು ಸ್ವಲ್ಪ ಅಗಲಿಸಿ, ಅವ್ವ ಎದ್ದು ಹೋಗುತ್ತಾಳೋ ಇಲ್ಲವೋ ಅಂತ ನೋಡುತ್ತಿದ್ದಳು.