ಎರಡು ಪೆಟ್ಟಿಗೆಗಳ ನಡುವೆ

ಎಡಗಡೆ ಇದ್ದಾನೆ, ಬಲಗಡೆಯೂ ಇದ್ದಾನೆ, ನಡುವೆ ಇಲ್ಲ — ಚನ್ನೇಶ ಎಡಗಡೆಯ ಸ್ಪೀಕರ್ ಪೆಟ್ಟಿಗೆಗೆ ಕಿವಿ ಒತ್ತಿದ, ಕ್ಯಾಸೆಟ್ಟಿನ ಅಪ್ಪ ಹಾಡುತ್ತಿದ್ದ, ಮಂಡಿಯೂರಿ ತೆವಳಿ ಬಲಗಡೆಯದಕ್ಕೆ ಒತ್ತಿದ, ಅಲ್ಲೂ ಅಪ್ಪ ಅದೇ ಭಜನೆ ಹಾಡುತ್ತಿದ್ದ, ಎದ್ದು ಎರಡರ ನಡುವೆ, ಅಮ್ಮನ ಕುರ್ಚಿಯಲ್ಲಿ ಕೂತರೆ ಮಾತ್ರ ಪಕ್ಕದ ಮನೆಯ ಬಚ್ಚಲಿನಿಂದ ಯಾರೋ ಗುನುಗಿದ ಹಾಗೆ, ತೆಳ್ಳಗೆ, ಎದೆಯೇ ಇಲ್ಲದ ದನಿ — ಸತ್ತು ವರ್ಷಗಳಾದ ಮನುಷ್ಯ ಎರಡನೇ ಸಲ ಹೋದನೇ, ಅದೂ ಮಗನ ಕೈಯಿಂದ, ಅದೂ ಉದ್ಧಾರ ಮಾಡಲು ಹೊರಟಾಗ. ಉದ್ಧಾರದ ಯೋಚನೆ ಕುಣಿಗಲ್ಲಿನ ಗೆಳೆಯ ಬೆಟ್ಟಸ್ವಾಮಿಯದು, ಅವನಿಗೆ ಮೂರು ಹೊತ್ತೂ ಇದೇ ಧ್ಯಾನ, ಆ ಸವೆದ ತಂತೀಲಿ ಏನ್ ಕೇಳ್ತೀಯ ಬುಡ್ಲಾ, ಆಂಪ್ಲಿಫೈಯರ್ ಒಳಗಿನ ವೈರು ಕೆಪಾಸಿಟರ್ರು ಎಲ್ಲಾ ಕಿತ್ತಾಕು, ಸ್ಪೀಕರಿಗೂ ಹೊಸಾ ವೈರ್ ಎಳಿ, ಆಕ್ಸಿಜನ್ ಇಲ್ದಿರೋ ತಾಮ್ರ ಬತ್ತದೆ ಈಗ, ನಿಮ್ಮಪ್ಪ ಮುಂದೆ ಬಂದು ಕೂತ್ಕಂಡು ಹಾಡ್ತಾರೆ ನೋಡು. ಉಸಿರಿಲ್ದಿರೋ ತಂತೀಲಿ ಅವ್ರು ಹೆಂಗ್ಲಾ ಹಾಡ್ತಾರೆ ಎಂದು ಅಮ್ಮ ಕೇಳಿದ್ದಳು, ಆಗ ಎಲ್ಲರೂ ನಕ್ಕಿದ್ದರು, ಹೆಂಡತಿ ಸುಮನಾ ಕೂಡ. ಕರೆಂಟ್ ಆಫೀಸಿನವನಿಗೆ ತಂತಿಯ ವಿದ್ಯೆ ಬಂದೇ ಬರುತ್ತದೆ ಎಂದು ತುಮಕೂರಿನ ನೆಂಟರೆಲ್ಲ ನಂಬಿದ್ದರು, ತಾನು ಕೂರುವುದು ಬಿಲ್ಲು ತಿದ್ದುವ ಮೇಜಿನ ಮುಂದೆ ಎಂಬುದು ಚನ್ನೇಶನಿಗೂ ಮರೆತುಹೋಗಿತ್ತು, ಮೊಬೈಲಿನಲ್ಲಿ ಯಾರೋ ಬೆಸುಗೆ ಹಾಕುವುದನ್ನು ನೋಡಿ ನೋಡಿ ಕೈಗೆ ಬಂತೆಂದೇ ಅನ್ನಿಸಿ, ಹಳೆಯ ತಂತಿಯನ್ನೆಲ್ಲ ಒಂದೇ ಉಸಿರಿಗೆ ಕಿತ್ತು ಕಸದ ಗಾಡಿಗೆ ಕೊಟ್ಟ — ಮೊದಲು ಹೇಗಿತ್ತು ಅಂತ ಒಂದು ಫೋಟೋ ತೆಕ್ಕೊಂಡ್ರಾ, ಸುಮನಾ ಆಮೇಲೆ ಕೇಳಿದ್ದು, ಈ ಮನೆಯಲ್ಲಿ ಒಳ್ಳೆಯ ಪ್ರಶ್ನೆಗಳೆಲ್ಲ ಆಮೇಲೆಯೇ. ಪೆಟ್ಟಿಗೆ ಬಿಚ್ಚುವ ಧೈರ್ಯ ಮಾತ್ರ ಬರಲಿಲ್ಲ, ಅವುಗಳ ಬೆನ್ನಿಗಿದ್ದ ಎರಡೆರಡು ಸ್ಕ್ರೂಗೆ ಹೊಸ ವೈರು ಸುತ್ತಿದ್ದಷ್ಟೆ, ಎಡಗಡೆಯದರಲ್ಲಿ ಕೆಂಪು ಬಣ್ಣ ಗಟ್ಟಿಯಾಗಿತ್ತು, ಬಲಗಡೆಯದರಲ್ಲಿ ಮಾಸಿತ್ತು, ಆದರೂ ಒಂದು ಸ್ಕ್ರೂ ಪಕ್ಕ ಕೆಂಪು ಚುಕ್ಕೆ ಇದ್ದೇ ಇತ್ತು, ಕೆಂಪು ವೈರು ಕೆಂಪಿಗೆ, ಇದರಲ್ಲಿ ತಪ್ಪುವುದಕ್ಕೆ ಏನಿದೆ.

ಮೊದಲೆಲ್ಲ ಹಾಡಿನ ಹಿಂದೆ ಗುಂಯ್ ಎನ್ನುತ್ತಿತ್ತು, ಆ ಗುಂಯ್ ಈಗ ಇಲ್ಲ, ಗೆದ್ದೆ ಎಂದುಕೊಂಡೇ ಭಾನುವಾರ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ್ದು. ಗುಬ್ಬಿಯ ಹಳೇ ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟು ಅದು, ಎರಡನೇ ಭಜನೆಯ ನಡುವೆ ಅಪ್ಪನಿಗೆ ಕೆಮ್ಮು, ಆಮೇಲೆ ಏ ಬಸವಲಿಂಗೀ ಒಂದ್ ಲೋಟ ನೀರ್ ತತ್ತಾರೇ ಎಂಬ ಕೂಗು, ಅದಕ್ಕೆ ಅಮ್ಮ ದಿನಾ ಬೆಳಿಗ್ಗೆ, ಅವರೆಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ, ತತ್ತೀನಿ ಇರ್ರೀ, ನಂಗೂ ಎರಡೇ ಕೈ ಇರೋದು ಎನ್ನುತ್ತಿದ್ದಳು, ಇಷ್ಟು ವರ್ಷ ಒಂದು ದಿನ ತಪ್ಪಿರಲಿಲ್ಲ. ಭಾನುವಾರ ಅಪ್ಪ ಕೂಗಿದ, ಅಮ್ಮ ಯಾರ್ಲಾ ಅದು ಎಂದಳು. ಅಷ್ಟೇ ಕೇಳಿದ್ದು. ಈಗ ಒಳಕೋಣೆಯಲ್ಲಿ ಬ್ಯಾಗಿನ ಜಿಪ್ಪು, ಗುಬ್ಬಿ ಬಸ್ಸಿಗೆ ಹತ್ತಿಸು ಕಣಪ್ಪ, ತಂಗಿ ಮನೇಲಿ ನಾಲ್ಕ್ ದಿನ ಇದ್ದು ಬತ್ತೀನಿ, ಈ ಮನೇಲಿ ನಂಗ್ಯಾಕೋ ಹೊತ್ತು ಹೋಗಲ್ಲ.

ಏನು ತಪ್ಪಾಯಿತೆಂದು ಕೇಳಲು ಮಾಡಿದ ಫೋನಿನಲ್ಲಿ ಬೆಟ್ಟಸ್ವಾಮಿ ಮಾತಾಡುತ್ತಲೇ ಇದ್ದ, ಹೊಸಾ ವೈರು ಪಳಗಬೇಕು ಕಣ್ಲಾ, ನೂರ್ ಗಂಟೆ ಓಡ್ಸು — ನೂರು ಗಂಟೆ ಎಲ್ಲಿ, ಬಸ್ಸು ಎಲ್ಲಿ — ಅಲ್ಲಾ ಪ್ಲಸ್ಸು ಮೈನಸ್ಸು ಸರಿಯಾಗ್ ಕೊಟ್ಟಿದೀಯೇನ್ಲಾ, ಒಂದ್ ಉಲ್ಟಾ ಆದ್ರೂ ಮುಗೀತು, ಈ ಡಬ್ಬ ಗಾಳಿ ತಳ್ಳೋವಾಗ ಆ ಡಬ್ಬ ಎಳೀತದೆ, ನಡುವೆ ದನಿ ಸತ್ತೋಯ್ತದೆ. ಕೆಂಪು ನೋಡೇ ಕೊಟ್ಟಿದೀನಿ ಮಾರಾಯ, ಎನ್ನುತ್ತಾ ಚನ್ನೇಶ ಬಲಗಡೆಯ ಪೆಟ್ಟಿಗೆಯನ್ನು ತಿರುಗಿಸಿದ, ಬೆವರಿದ ಬೆರಳಿನಿಂದ ಆ ಚುಕ್ಕೆಯನ್ನು ಸವರಿದ, ಚುಕ್ಕೆ ಅರ್ಧ ಬೆರಳಿಗೆ ಬಂತು. ಬಣ್ಣ ಹೀಗೆ ಬರುತ್ತದೆಯೇ, ಬರಬಾರದು, ಬಣ್ಣ ಯಾಕೆ ಪುಡಿಪುಡಿ — ಆಯುಧಪೂಜೆ, ಅಮ್ಮನ ಕೈಯಲ್ಲಿ ಬಟ್ಟಲು, ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆ ಮಣೆಗೆ, ಕೊನೆಗೆ ಇದಕ್ಕೆ, ಮುಂದ್ಗಡೆ ಬಟ್ಟೆ ಕೆಡಿಸ್ಬ್ಯಾಡ ಕಣೇ, ಇಡೋದಾದ್ರೆ ಹಿಂದ್ಗಡೆ ಇಡು ಎಂದು ಅಪ್ಪನ ಗದರಿಕೆ, ಎಡಗಡೆಯದು ಗೋಡೆಗೆ ಅಂಟಿಕೊಂಡಿತ್ತು, ಬಲಗಡೆಯದರ ಹಿಂದೆ ಮಾತ್ರ ಅವಳ ಕೈ ತೂರುತ್ತಿತ್ತು, ಕಾಣದೆ, ತಡವಿ, ಯಾವ ಸ್ಕ್ರೂ ಪಕ್ಕವೋ — ಕುಂಕುಮ. ಅಪ್ಪ ಹೋದ ಮೇಲೆ ಅವಳ ಹಣೆಗೆ ವಿಭೂತಿ ಮಾತ್ರ, ಬಟ್ಟಲು ಸುಮನಾಳ ಕೈಗೆ, ಸುಮನಾ ಪೆಟ್ಟಿಗೆಗಳಿಗೆ ಎಂದೂ ಇಟ್ಟವಳಲ್ಲ, ಹಾಗಾದರೆ ಇದು ಅಮ್ಮ ಇಟ್ಟ ಕೊನೆಯದು, ಇದನ್ನು ನೋಡಿ ತಾನು ಪ್ಲಸ್ಸು ಎಂದುಕೊಂಡದ್ದು. ಸ್ವಿಚ್ಚು ಆರಿಸಿ, ಎರಡು ವೈರು ಅದಲುಬದಲು ಮಾಡಿ, ಸ್ಕ್ರೂ ಬಿಗಿದು, ಪೆಟ್ಟಿಗೆಯನ್ನು ಜಾಗಕ್ಕೆ ತಳ್ಳಿ, ಮತ್ತೆ ಹಾಕಿದ —

ಅಪ್ಪ ಬಂದ. ಎಡಕ್ಕಲ್ಲ, ಬಲಕ್ಕಲ್ಲ, ಕುರ್ಚಿಯ ನೇರಕ್ಕೆ, ಎದೆ ಗಂಟಲು ಎಲ್ಲ ಹೊತ್ತುಕೊಂಡು, ಕೆಮ್ಮಿದ, ಏ ಬಸವಲಿಂಗೀ ಒಂದ್ ಲೋಟ ನೀರ್ ತತ್ತಾರೇ, ಅಮ್ಮ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಳು, ಬಾಯಿ ತೆರೆದಳು, ಈಗ ಹೇಳುತ್ತಾಳೆ, ತತ್ತೀನಿ ಇರ್ರೀ ಎನ್ನುತ್ತಾಳೆ, ಅವಳ ಕಣ್ಣು ಅವನ ಕೈಗೆ ಬಿತ್ತು, ಅದೇನ್ಲಾ ಬೆರಳು, ಕೊಯ್ಕಂಡ್ಯಾ — ಇಲ್ಲಮ್ಮಾ, ಇದು, ಹಿಂದ್ಗಡೆ, ನೀನು — ಅಪ್ಪ ನೀರಿಗೆ ಕಾಯುತ್ತಿದ್ದಾನೆ, ಯಾರೂ ಹೋಗಲಿಲ್ಲ, ಅಮ್ಮ ಅವನ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು, ಒರೆಸಲೋ ಬೇಡವೋ, ಕೆಂಪು, ಬೆರಳ ತುದಿಯಲ್ಲಿ ಅರ್ಧ, ಪೆಟ್ಟಿಗೆಯ ಬೆನ್ನಲ್ಲಿ ಇನ್ನರ್ಧ, ಕೆಂಪು