ಕನ್ನಡಿಯಲ್ಲಿ ನೋಡುವ ಟಿವಿ

ಟಿವಿ ಕೊಳ್ಳಲು ಹೋದವರು ಸಾಮಾನ್ಯವಾಗಿ ಟಿವಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ನಮ್ಮ ಕ್ಷೌರಿಕ ಬೆನ್ನು ಮಾಡಿ ನಿಂತ. ಚೀಲದಿಂದ ಕೈಗನ್ನಡಿ ತೆಗೆದು ಮುಖದ ಮುಂದೆ ಹಿಡಿದು, ಹಿಂದಿನ ಗೋಡೆಯಲ್ಲಿ ಸಾಲಾಗಿ ಬೆಳಗುತ್ತಿದ್ದ ಟಿವಿಗಳನ್ನು ಅದರಲ್ಲೇ ಒಂದೊಂದಾಗಿ ನೋಡತೊಡಗಿದ. ಆ ಅಂಗಡಿಯ ಮಾರಾಟಗಾರ ಬಗೆಬಗೆಯ ಗಿರಾಕಿಗಳನ್ನು ಕಂಡವನು. ಅವನೂ ಒಂದು ಗಳಿಗೆ ತಬ್ಬಿಬ್ಬಾದ.

"ಸಾರ್, ಟಿವಿ ಈ ಕಡೆ ಇದೆ."

"ಗೊತ್ತಪ್ಪ. ನಮ್ಮ ಅಂಗಡಿಲಿ ಜನ ನೋಡೋದೇ ಹೀಗೆ."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಅವನ ಕ್ಷೌರದಂಗಡಿಯಲ್ಲಿ ಟಿವಿ ಇದ್ದದ್ದು ಹಿಂದಿನ ಗೋಡೆಯ ಮೇಲೆ, ಗಿರಾಕಿ ಕೂರುತ್ತಿದ್ದದ್ದು ಮುಂದಿನ ಕನ್ನಡಿಗೆ ಮುಖ ಮಾಡಿ. ಪಂದ್ಯ ನೋಡುವ ಆಸೆಗೆ ತಲೆ ತಿರುಗಿಸಿದರೆ ಕಿವಿಗೆ ಸಂಚಕಾರ. ಹಾಗಾಗಿ ಎಲ್ಲರೂ ಕನ್ನಡಿಯೊಳಗಿನ ಟಿವಿಯನ್ನೇ ನೋಡುತ್ತಿದ್ದರು. ಅದರಲ್ಲಿ ಎಡಗೈ ಆಟಗಾರ ಬಲಗೈಯವನಾಗುತ್ತಿದ್ದ, ಅಂಕಿಗಳೆಲ್ಲ ತಿರುಗುಮುರುಗು. ಹಳೆಯ ಗಿರಾಕಿಗಳಿಗೆ ಅದೂ ರೂಢಿಯಾಗಿ, ಮನೆಯಲ್ಲಿ ನೇರವಾಗಿ ನೋಡಿದರೇ ಗೊಂದಲವಾಗುತ್ತದೆ ಎಂದು ಜಂಬ ಕೊಚ್ಚುವವರೂ ಇದ್ದರು.

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲಿನ ಪಕ್ಕದ್ದು ಇವನದು, ಒಳಗಿನ ಮೂಲೆಯದು ಇವನ ಷಡ್ಡಕನದು, ಅಂದರೆ ಹೆಂಡತಿಯ ತಂಗಿಯ ಗಂಡನದು. ಷಡ್ಡಕರಿಬ್ಬರು ಜಗಳವಿಲ್ಲದೆ ಒಂದೇ ಸೂರಿನಡಿ ದುಡಿಯುವುದು ಅಪರೂಪ. ಇವರು ದಿನಾ ಜಗಳವಾಡಿಕೊಂಡೇ ಹದಿನೆಂಟು ವರ್ಷ ದೂಡಿದ್ದರು. ಫ್ಯಾನು ಜೋರಾಯಿತು, ಪೌಡರ್ ಡಬ್ಬಿ ಎಲ್ಲಿಟ್ಟೆ, ಈ ಚಾನಲ್ ಯಾಕೆ ಹಾಕಿದೆ, ಇಂಥವೇ ಜಗಳಗಳು. ಜಗಳ ನಿಂತ ದಿನವೇ ಕ್ಷೌರಿಕನಿಗೆ ಗಾಬರಿಯಾದದ್ದು.

ಜಗಳ ನಿಂತದ್ದೇಕೆಂದರೆ, ನಾಲ್ಕು ತಿಂಗಳಿಂದ ಮೂಲೆಯ ಕುರ್ಚಿಗೆ ಜನ ಬರುತ್ತಿರಲಿಲ್ಲ. ಕುರ್ಚಿ ಖಾಲಿ ಇದ್ದರೂ ಗಿರಾಕಿಗಳು ಬೆಂಚಿನ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದರು. "ಬನ್ನಿ ಬನ್ನಿ" ಎಂದು ಷಡ್ಡಕ ಕರೆದರೆ, "ಪರವಾಗಿಲ್ಲ, ಅರ್ಜೆಂಟಿಲ್ಲ" ಎನ್ನುತ್ತಿದ್ದರು. ಒಬ್ಬ ಮನುಷ್ಯನ ಬಾಯಿ ಮುಚ್ಚಿಸುವುದಕ್ಕೆ ಇಷ್ಟು ಸಾಕು. ಕಳೆದ ವಾರ ಷಡ್ಡಕ ಕತ್ತರಿ ಒರೆಸುತ್ತ, ಯಾವುದೋ ಗೋದಾಮಿನಲ್ಲಿ ಕಾವಲಿನ ಕೆಲಸ ಖಾಲಿ ಇದೆಯಂತೆ, ಹೋಗಿ ಕೇಳಲೇ ಎಂದುಬಿಟ್ಟ. ಹದಿನೆಂಟು ವರ್ಷ ಪಕ್ಕದಲ್ಲಿ ನಿಂತವನು ಎದ್ದುಹೋದರೆ ಅಂಗಡಿಯಲ್ಲಿ ಉಳಿಯುವುದು ಕೂದಲು ಮಾತ್ರ ಎಂದು ಕ್ಷೌರಿಕನಿಗೆ ಅನ್ನಿಸಿತು.

ಹಾಗಾಗಿ ಅವನು ರೋಗ ಹುಡುಕಿದ. ಷಡ್ಡಕ ಬಹಳ ದಿನಗಳಿಂದ ಒಂದೇ ರಾಗ ಎಳೆಯುತ್ತಿದ್ದ: "ಈ ಟಿವಿ ಮಬ್ಬಾಗಿದೆ ಕಣಣ್ಣ, ಬಣ್ಣ ಎಲ್ಲ ಹಳದಿಗೆ ತಿರುಗಿದೆ." ಕ್ಷೌರಿಕ ಒಂದು ಮಧ್ಯಾಹ್ನ ಮೂಲೆಯ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿ ನೋಡಿದ. ನಿಜ, ಓರೆಯಿಂದ ನೋಡಿದರೆ ಚಿತ್ರ ತೊಳೆದು ಒಣಗಿಸಿದಂತೆ ಪೇಲವ. ಸಿಕ್ಕಿತು ಕಾರಣ! ಮೂಲೆಯಲ್ಲಿ ಪಂದ್ಯ ಕಾಣದು, ಅದಕ್ಕೇ ಜನ ಬಾರರು. ಕನ್ನಡಿಯಲ್ಲೇ ಲೋಕ ನೋಡಿದವನಿಗೆ ಇದಕ್ಕಿಂತ ಆಚೆಯದು ಹೊಳೆಯಲಿಲ್ಲ. ಹೆಂಡತಿ ಡಬ್ಬಿಯಿಂದ ಹಣ ತೆಗೆದು ಕೊಡುವಾಗ, "ಇಷ್ಟರೊಳಗೆ ಬಂದ್ರೆ ತಗೊಳ್ಳಿ, ಒಂದು ಬಿಡಿಗಾಸು ಹೆಚ್ಚು ಕೇಳ್ಬೇಡಿ" ಎಂದು ಗೆರೆ ಎಳೆದಿದ್ದಳು.

ಮಾರಾಟಗಾರ ಮೈಮೇಲೆ ದೇವರು ಬಂದವನಂತೆ ವಿವರಿಸತೊಡಗಿದ. ಇದು ಎಲ್‌ಇಡಿ, ಇದು ಕ್ಯೂಎಲ್‌ಇಡಿ, ಇದು ಮಿನಿ ಎಲ್‌ಇಡಿ, ಆ ಕೊನೆಯದು ಓಎಲ್‌ಇಡಿ. ಮೊದಲಿನ ಮೂರರಲ್ಲಿ ತೆರೆಯ ಹಿಂದೆ ದೀಪ ಉರಿಯುತ್ತದೆ, ಕೊನೆಯದರಲ್ಲಿ ಒಂದೊಂದು ಚುಕ್ಕಿಯೂ ತಾನೇ ದೀಪ. ಕಪ್ಪು ಬೇಕಾದ ಕಡೆ ಚುಕ್ಕಿ ಆರಿಯೇ ಹೋಗುತ್ತದೆ.

"ಎಲ್ಲಾ ಒಂದೇ ಮನೆತನದವರ ಹಾಗಿದಾರೆ. ಇನಿಷಿಯಲ್ ಮಾತ್ರ ಬೇರೆ," ಎಂದ ಕ್ಷೌರಿಕ.

ಓಎಲ್‌ಇಡಿಯ ಬೆಲೆಚೀಟಿ ನೋಡಿ ಅವನು ಕನ್ನಡಿಯನ್ನು ಅಲ್ಲಿಂದ ಬೇಗ ತಿರುಗಿಸಿದ. ಆದರೂ ಕುತೂಹಲಕ್ಕೆ ಕೇಳಿದ: "ನಮ್ಮಲ್ಲಿ ಒಂದೇ ಚಾನಲ್ಲು ಹನ್ನೆರಡು ಗಂಟೆ ಓಡುತ್ತೆ. ಅದಕ್ಕೇನಾದ್ರೂ ತೊಂದರೆ ಇದೆಯಾ?" ಮಾರಾಟಗಾರ ಪ್ರಾಮಾಣಿಕನಿರಬೇಕು, ಕೆಮ್ಮಿದ. ಅಷ್ಟು ಹೊತ್ತು ಒಂದೇ ಗುರುತು ಒಂದೇ ಜಾಗದಲ್ಲಿ ನಿಂತರೆ, ಕ್ರಮೇಣ ಅದರ ಅಚ್ಚು ತೆರೆಯ ಮೇಲೇ ಉಳಿದುಬಿಡಬಹುದು ಎಂದ. ಕ್ಷೌರಿಕನಿಗೆ ನೆಮ್ಮದಿಯಾಯಿತು. ಕೈಗೆಟುಕದ್ದು ನಮಗೆ ತಕ್ಕುದೂ ಅಲ್ಲ ಎಂದು ತಿಳಿದಾಗ ಯಾರಿಗೆ ತಾನೇ ನೆಮ್ಮದಿಯಾಗುವುದಿಲ್ಲ?

ಉಳಿದದ್ದು ಸಾದಾ ಎಲ್‌ಇಡಿ. ಅದರಲ್ಲೂ ಎರಡು ಜಾತಿ. ಒಂದರಲ್ಲಿ ಕಪ್ಪು ಗಾಢ, ಆದರೆ ಓರೆಯಿಂದ ನೋಡಿದರೆ ಬಣ್ಣ ಇಳಿಯುತ್ತದೆ. ಇನ್ನೊಂದರಲ್ಲಿ ಕಪ್ಪು ತುಸು ಬೂದಿ, ಆದರೆ ಯಾವ ಮೂಲೆಯಿಂದ ನೋಡಿದರೂ ಚಿತ್ರ ಬದಲಾಗದು. ಹೊಳಪಿಲ್ಲದ ತೆರೆ, ಟ್ಯೂಬ್‌ಲೈಟಿನ ಪ್ರತಿಬಿಂಬವೂ ಬೀಳದು. ಬೆಲೆ ಹೆಂಡತಿ ಎಳೆದ ಗೆರೆಯೊಳಗೇ ಇತ್ತು. ಕ್ಷೌರಿಕ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ಸರಿದು ಕನ್ನಡಿಯಲ್ಲಿ ನೋಡಿ, ಇದೇ ಸರಿ ಎಂದು ತೀರ್ಮಾನಿಸಿದ. ಆದರೆ ಕುರ್ಚಿ ಷಡ್ಡಕನದು; ಒಪ್ಪಬೇಕಾದವನೂ ಅವನೇ. ಅದಕ್ಕೆಂದೇ ಅವನನ್ನೂ ಜೊತೆಗೆ ಕರೆತಂದಿದ್ದ.

"ಬಾರೋ ಇಲ್ಲಿ. ನಿನ್ನ ಮೂಲೆ ಅನ್ಕೊಂಡು ನೋಡು," ಎಂದು ಕನ್ನಡಿಯನ್ನು ಅವನ ಮುಂದೆ ಹಿಡಿದ.

ಷಡ್ಡಕ ನೋಡಿದ. "ಇದೂ ಮಬ್ಬೇ ಅಣ್ಣ."

"ಪಕ್ಕದ್ದು?"

"ಅದ್ರಲ್ಲೂ ಹೊಗೆ."

ಮಾರಾಟಗಾರನಿಗೆ ಪೌರುಷ ಕೆರಳಿತು. ನಕ್ಷತ್ರ ತುಂಬಿದ ಕತ್ತಲ ಆಕಾಶದ ಚಿತ್ರವನ್ನು ಆ ದುಬಾರಿ ಓಎಲ್‌ಇಡಿಯಲ್ಲಿ ಹಾಕಿದ. ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು. ಕ್ಷೌರಿಕ ಬಾಯಿ ತೆರೆದು ನಿಂತ. ಷಡ್ಡಕ ಕನ್ನಡಿ ಬಿಟ್ಟು ನೇರವಾಗಿಯೇ ತಿರುಗಿ ನೋಡಿ, "ಇದನ್ನ ಯಾಕೆ ಆನ್ ಮಾಡಿಲ್ಲ?" ಎಂದ.

ಮಾರಾಟಗಾರ ತಮಾಷೆಯೆಂದು ನಕ್ಕ. ಕ್ಷೌರಿಕನೂ ನಗಲು ಹೋದ. ಆದರೆ ಮೂವತ್ತು ವರ್ಷ ಮುಖಗಳನ್ನೇ ನೋಡಿ ಬದುಕಿದವನು ಅವನು. ಷಡ್ಡಕನ ಮುಖದಲ್ಲಿ ತಮಾಷೆಯಿರಲಿಲ್ಲ. ಇಬ್ಬರೂ ನಗುವುದನ್ನು ಕೇಳಿ ಅವನು ಥಟ್ಟನೆ ತಾನೂ ನಕ್ಕ; ನಕ್ಕದ್ದು ಒಂದು ಗಳಿಗೆ ತಡವಾಗಿತ್ತು. ಟಿವಿ ಮಬ್ಬಾಗಿರಲಿಲ್ಲ. ನಾಲ್ಕು ತಿಂಗಳಿಂದ ಜನ ಮೂಲೆಯಲ್ಲಿ ಯಾಕೆ ಕೂರುತ್ತಿರಲಿಲ್ಲ, ಯಾಕೆ ಕಾರಣ ಹೇಳದೆ ಬೆಂಚು ಹಿಡಿಯುತ್ತಿದ್ದರು, ಎಲ್ಲ ಕ್ಷೌರಿಕನಿಗೆ ಒಂದೇ ಏಟಿಗೆ ಅರ್ಥವಾಯಿತು.

"ನಾಳೆ ಹೇಳ್ತೀವಪ್ಪ," ಎಂದು ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡ.

ಹೇಗೆ ಹೇಳುವುದು? ಕಣ್ಣು ಕಾಣದವನ ಕೈಯಲ್ಲಿ ಕ್ಷೌರದ ಕತ್ತಿ ಬಿಡುವಂತಿಲ್ಲ. ಕಿತ್ತುಕೊಂಡರೆ ಅವನನ್ನೇ ಕಿತ್ತು ಹೊರಗೆ ಹಾಕಿದಂತೆ. ನಾಲ್ಕಾರು ಮಾತು ಜೋಡಿಸಿದ. ಯಾವುದೂ ನಾಲಿಗೆಗೆ ಒಗ್ಗಲಿಲ್ಲ.

ಬೆಳಿಗ್ಗೆ ಷಟರ್ ಅರ್ಧ ಎತ್ತಿ, ಗಿರಾಕಿಗಳು ಬರುವ ಮೊದಲು ಒಬ್ಬರ ಗಡ್ಡ ಒಬ್ಬರು ಮಾಡುವುದು ಇಬ್ಬರ ಪದ್ಧತಿ. ತನ್ನ ಗಡ್ಡ ತಾನೇ ಮಾಡಿಕೊಂಡರೆ ಕಸುಬಿಗೆ ಅವಮಾನ ಎಂಬುದು ಅವರ ನಂಬಿಕೆ. ಇತ್ತೀಚೆಗೆ ಕ್ಷೌರಿಕನ ದವಡೆಯಡಿ ಎರಡು ಮೂರು ಗೀರು ಬಿದ್ದಿದ್ದವು, ಅವನು ಬ್ಲೇಡು ಮಾಡಿದವರ ವಂಶವನ್ನೆಲ್ಲ ಬೈದಿದ್ದ. ಮರುದಿನ ಬೆಳಿಗ್ಗೆಯೂ ಅವನು ಎಂದಿನಂತೆ ಮೂಲೆಯ ಕುರ್ಚಿಯಲ್ಲಿ ಕೂತು ಕತ್ತು ಮೇಲೆತ್ತಿದ. ಹುಚ್ಚುತನ ಎನ್ನಿ, ಒಪ್ಪುತ್ತೇನೆ. ಆದರೆ ಕೂರದಿದ್ದರೆ ಮಾತಿಲ್ಲದೆಯೇ ತೀರ್ಪು ಕೊಟ್ಟಂತಾಗುತ್ತಿತ್ತು.

ಷಡ್ಡಕ ನೊರೆ ಹಚ್ಚಿದ. ಎಡಗೈ ಬೆರಳು ಗಂಟಲ ಮೇಲೆ ತಡಕಾಡುತ್ತ ಜಾಗ ಹುಡುಕಿತು. ಅದರ ಹಿಂದೆ ಕತ್ತಿ ಬಂತು. ಕ್ಷೌರಿಕನಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಅಲ್ಲಾಡಲಿಲ್ಲ.

ಕತ್ತಿ ನಿಂತಿತು.

"ನಿನ್ನೆ ನಿಂಗೆ ಗೊತ್ತಾಯ್ತಲ್ಲಣ್ಣ?"

"ಆಯ್ತು."

"ಗೊತ್ತಾಗಿನೂ ಕೂತ್ಯಾ?"

"ಮತ್ತೆ ಎಲ್ಲಿಗೆ ಹೋಗ್ಲಿ? ನನ್ನ ಗಡ್ಡ ಬೇರೆ ಯಾರು ಮಾಡ್ತಾರೆ?"

ಷಡ್ಡಕ ಕತ್ತಿ ಮಡಚಿ ಕನ್ನಡಿಯ ಕೆಳಗಿನ ಕಲ್ಲಿನ ಮೇಲಿಟ್ಟ. ಆಮೇಲೆ ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತ. "ಬೆರಳ ಲೆಕ್ಕದಲ್ಲೇ ಮಾಡ್ತಿದ್ದೆ. ಹೇಳಿದ್ರೆ ಕತ್ತಿ ಇಸ್ಕೊಂಡುಬಿಡ್ತೀಯ ಅಂತ ಭಯ. ಮನೇಲಿ ಇವಳಿಗೂ ಹೇಳಿಲ್ಲ."

ಕ್ಷೌರಿಕ ನೊರೆ ಒರೆಸಿಕೊಂಡು ಎದ್ದ, ಷಟರ್ ಕೆಳಗೆಳೆದ. ಕಣ್ಣಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಟಿವಿ ಅಂಗಡಿಗೆ ಫೋನು ಮಾಡಿ, ಸದ್ಯಕ್ಕೆ ಬೇಡ ಎಂದ. ಈ ಬೆಲೆ ಶನಿವಾರದವರೆಗೆ ಮಾತ್ರ ಎಂದು ಮಾರಾಟಗಾರ ಗೋಗರೆದ. ಮುಂದಿನ ವರ್ಷಕ್ಕೆ ಎಲ್‌ಇಡಿಗೆ ಇನ್ನೊಂದು ಇನಿಷಿಯಲ್ ಹುಟ್ಟಿರುತ್ತದೆ, ಆಗ ಇವತ್ತಿನದು ಇನ್ನೂ ಅಗ್ಗವಾಗಿರುತ್ತದೆ ಎಂದು ಕ್ಷೌರಿಕ ಹೇಳಿದ. ಹೆಂಡತಿಯ ಡಬ್ಬಿಯ ಹಣ ಹಾಗೇ ಜೇಬಿನಲ್ಲಿತ್ತು.

ಡಾಕ್ಟರಮ್ಮ ದೀಪ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ದೊಡ್ಡ ವಿಷಯವೇನಲ್ಲ, ಈಗ ಒಂದು ಕಣ್ಣಿಗೆ ಆಪರೇಷನ್, ತಿಂಗಳು ಬಿಟ್ಟು ಇನ್ನೊಂದಕ್ಕೆ. ತಾನು ಹೇಳುವವರೆಗೆ ಕತ್ತಿ, ಕತ್ತರಿ ಮುಟ್ಟುವಂತಿಲ್ಲ.

"ಅಂದ್ರೆ ಎರಡು ತಿಂಗಳು," ಎಂದ ಷಡ್ಡಕ. ಎರಡು ತಿಂಗಳು ಖಾಲಿ ಬಿದ್ದ ಕುರ್ಚಿಗೆ ಬೇರೆ ಯಾರಾದರೂ ಬಂದೇ ಬರುತ್ತಾರೆ ಎಂದು ಅವನ ಮುಖದಲ್ಲಿ ಬರೆದಿತ್ತು.

ಡಾಕ್ಟರಮ್ಮನೂ ಅದನ್ನೇ ಕೇಳಿದರು: "ಅಂಗಡಿಗೆ ಇವರ ಬದಲು ಬೇರೆಯವರು ಇದಾರಾ?"

ಕ್ಷೌರಿಕ ತನ್ನ ಗಲ್ಲ ಸವರಿಕೊಂಡ. ಬೆಳಗಿನ ನೊರೆ ಕಿವಿಯ ಹತ್ತಿರ ಒಣಗಿ ಅಂಟಿತ್ತು, ಅದರ ಕೆಳಗೆ ಕೂಳೆ ಚುಚ್ಚುತ್ತಿತ್ತು. ಇದ್ದಾರೆ ಎನ್ನಲು ಒಂದು ಮಾತು ಸಾಕಾಗಿತ್ತು. ಕೆಲಸ ಹುಡುಕುವವರಿಗೇನು ಬರವೇ?

"ಇಲ್ಲ ಡಾಕ್ಟ್ರೇ," ಎಂದ. "ನನ್ನ ಮುಖಕ್ಕೆ ಕತ್ತಿ ಹಿಡಿಯೋನು ಇವನೊಬ್ಬನೇ. ಇವನಿಗೆ ಕಾಣೋವರೆಗೂ ಗಡ್ಡ ಬಿಡ್ತೀನಿ."